ಚಹಾದೊಳಗಿನ ರಮ್ಮು: ಹರಿಹರದ ದಂಡಿನಿಂದ ಹೊಳಲ್ಕೆರೆಯ ಜಗುಲಿವರೆಗೆ

ಮಾಗಿ ಚಳಿಯ ಒಂದು ಬೆಳಿಗ್ಗೆ. ಹೊಳಲ್ಕೆರೆ ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲ್ಲಿನಲ್ಲಿ ನಾವು ಮೂವರು ಚಹಾ ಕುಡಿಯುತ್ತಾ ಕೂತಿದ್ದೆವು. ಅಡಿಕೆ ಧಾರಣೆ ಬಗ್ಗೆ ಒಂದು ವರದಿ ಮಾಡಲು ಬಂದವರು ನಾವು. ಎದುರಿನ ಬೆಂಚಿನಲ್ಲಿ ಮಫ್ಲರ್ ಸುತ್ತಿಕೊಂಡು ಕೂತಿದ್ದ ಅಜ್ಜರೊಬ್ಬರು ಲೋಟ ಮೂಗಿನ ಹತ್ತಿರ ಹಿಡಿದು, ಬಿಸಿ ಹಬೆ ಎಳೆದುಕೊಂಡು, ನಮ್ಮ ಕಡೆ ನೋಡಿ ನಕ್ಕರು.

"ಇದೇನು ಚಾ ಕಣ್ರಪ್ಪ. ಲಡಾಖಲ್ಲಿ ನಮಗೆ ಕೊಡ್ತಿದ್ರು ನೋಡ್ರಿ, ಅದು ಚಾ. ಅರ್ಧ ಮಗ್ಗು ಚಾ, ಮೇಲೊಂದಿಷ್ಟು ರಮ್ಮು. ಕುಡಿದ್ರೆ ಕಿವಿ ತುದಿವರೆಗೂ ಬೆಚ್ಚಗಾಗೋದು."

ಹೋಟೆಲ್ಲಿನಲ್ಲಿದ್ದವರೆಲ್ಲ ನಕ್ಕರು. ನಾವೂ ನಕ್ಕೆವು. ಅಡಿಕೆ ವರದಿ ಮುಗಿಸಿ ಊರಿಗೆ ವಾಪಸಾದ ಮೇಲೂ ಆ ಮಾತು ತಲೆಯಿಂದ ಹೋಗಲಿಲ್ಲ. ಚಹಾಕ್ಕೆ ರಮ್ ಬೆರೆಸುವುದು ಆ ಅಜ್ಜನ ಪಲ್ಟನ್ನಿನವರು ಕಂಡುಹಿಡಿದ ಚಟವೋ, ಇಲ್ಲ ಅದಕ್ಕೊಂದು ಹಿಂದಿನ ಕಥೆ ಇದೆಯೋ ಎಂದು ಹುಡುಕುತ್ತಾ ಹೋದೆವು. ಹುಡುಕಿದ ದಾರಿ ಇಂಗ್ಲೆಂಡಿಗೆ, ಈಜಿಪ್ಟಿಗೆ, ಆಸ್ಟ್ರೇಲಿಯಾಕ್ಕೆ ಹೋಗಿ, ತಿರುಗಿ ನಮ್ಮ ಹರಿಹರಕ್ಕೇ ಬಂದು ನಿಂತಿತು. ಆಮೇಲೆ ಅಜ್ಜನ ಮನೆಯ ಜಗುಲಿಗೂ ಹೋಯಿತು. ಅಲ್ಲಿ ಅಜ್ಜಿ ಹೇಳಿದ ಒಂದು ಮಾತಿಗಾಗಿಯೇ ಈ ಬರಹ ಬರೆಯುತ್ತಿದ್ದೇವೆ.

ತೋಪು ಹಾರುವ ಹೊತ್ತಿನ ಚಹಾ

ಬ್ರಿಟಿಷ್ ಸೇನೆಯಲ್ಲಿ ಈ ಪಾನೀಯಕ್ಕೆ ಒಂದು ಹೆಸರಿದೆ: 'ಗನ್‌ಫೈರ್'. ಕಪ್ಪಗೆ ಕುದಿಸಿದ ಖಡಕ್ ಚಹಾಕ್ಕೆ ರಮ್ ಸೇರಿಸಿದರೆ ಗನ್‌ಫೈರ್ ಆಯಿತು. ಹೆಸರು ಕೇಳಿದರೆ ಯುದ್ಧದ ಗುಂಡಿನ ಸದ್ದು ನೆನಪಾಗುತ್ತದೆ. ಆದರೆ ಅದು ಬಂದದ್ದು ದಂಡಿನ ಪ್ರದೇಶಗಳಲ್ಲಿ ದಿನಾ ಬೆಳಗಾಗುವಾಗ ಹಾರಿಸುತ್ತಿದ್ದ ತೋಪಿನಿಂದ. ಮೈಸೂರು ದಸರಾದ ಕುಶಾಲತೋಪು ಕೇಳಿದವರಿಗೆ ಆ ಸದ್ದು ಹೇಗಿರುತ್ತದೆ ಎಂದು ಗೊತ್ತು. ಆ ತೋಪಿನ ಹೊತ್ತಿಗೆ, ಕವಾಯತಿಗೆ ನಿಲ್ಲುವ ಮುಂಚೆ, ಸಿಪಾಯಿಗಳು ಕುಡಿಯುತ್ತಿದ್ದ ಮೊದಲ ಚಹಾಕ್ಕೆ 19ನೇ ಶತಮಾನದ ಕೊನೆಯ ಹೊತ್ತಿಗೆ 'ಗನ್‌ಫೈರ್' ಎಂಬ ಹೆಸರು ಅಂಟಿಕೊಂಡಿತು. ಆಗ ಅದರಲ್ಲಿ ರಮ್ ಇರಲೇಬೇಕೆಂದೇನೂ ಇರಲಿಲ್ಲ. ಬರೀ ಚಹಾಕ್ಕೂ ಅದೇ ಹೆಸರು. ರಮ್ ಗಟ್ಟಿಯಾಗಿ ಜೊತೆಗೂಡಿದ್ದು ಮೊದಲ ಮಹಾಯುದ್ಧದ ಕಂದಕಗಳಲ್ಲಿ.

ಬ್ರಿಟಿಷ್ ಸೇನೆಯಲ್ಲಿ ಇವತ್ತಿಗೂ ಒಂದು ಪದ್ಧತಿ ಉಳಿದಿದೆ. ಮನೆಯಿಂದ ದೂರ, ಕರ್ತವ್ಯದ ಮೇಲಿರುವ ಸಿಪಾಯಿಗಳಿಗೆ ಕ್ರಿಸ್‌ಮಸ್ ದಿನ ಬೆಳಿಗ್ಗೆ ಅಧಿಕಾರಿಗಳು, ಸಾರ್ಜೆಂಟ್‌ಗಳು ತಾವೇ ಗನ್‌ಫೈರ್ ಹಿಡಿದುಕೊಂಡು ಹೋಗಿ ಹಾಸಿಗೆಯ ಬಳಿಯೇ ಕೊಡುತ್ತಾರೆ. ವರ್ಷವಿಡೀ ಸೆಲ್ಯೂಟ್ ಹೊಡೆಸಿಕೊಂಡ ಕೈಗಳು ಅವತ್ತೊಂದು ದಿನ ಮಗ್ಗು ತುಂಬಿಸುತ್ತವೆ.

ನಮ್ಮ ಭಾರತೀಯ ಸೇನೆಯಲ್ಲಿ ಇದಕ್ಕೆ ಹತ್ತಿರದ್ದು 'ಬಡಾಖಾನಾ'. ಅಧಿಕಾರಿಗಳು, ಜವಾನರು ಒಟ್ಟಿಗೆ ಕೂತು ಉಣ್ಣುವ, ಅಧಿಕಾರಿಗಳೇ ಜವಾನರಿಗೆ ಬಡಿಸುವ ದೊಡ್ಡ ಊಟ ಅದು. ಜಾತ್ರೆಯ ದಾಸೋಹದಲ್ಲಿ ಊರಿನ ಗೌಡರೇ ಸೊಂಟಕ್ಕೆ ಟವೆಲ್ ಕಟ್ಟಿ ಪಂಕ್ತಿಯಲ್ಲಿ ಬಡಿಸುವುದನ್ನು ನೋಡಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಹಡಗಿನಿಂದ ಇಳಿದ ರಮ್ಮು

ರಮ್ ಕಬ್ಬಿನ ಮಗಳು. ಕಬ್ಬಿನ ಹಾಲು ಕಾಯಿಸಿ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು, ಅಂಟು ಅಂಟಾದ ಕಾಕಂಬಿಯನ್ನು ಹುಳಿಯಿಸಿ ಭಟ್ಟಿ ಇಳಿಸಿದರೆ ರಮ್. ಕೆರಿಬಿಯನ್ ದ್ವೀಪಗಳಲ್ಲಿ ಗುಲಾಮರನ್ನು ದುಡಿಸಿಕೊಂಡು ಕಬ್ಬು ಬೆಳೆಯುತ್ತಿದ್ದ ಕಾಲದಲ್ಲಿ ಈ ಕಾಕಂಬಿ ಬೇಕಾದಷ್ಟು ಸಿಗುತ್ತಿತ್ತು. 1655ರಲ್ಲಿ ಇಂಗ್ಲಿಷರು ಜಮೈಕಾವನ್ನು ಹಿಡಿದುಕೊಂಡ ಮೇಲೆ ಅವರ ನೌಕಾಪಡೆಯ ಹಡಗುಗಳಲ್ಲಿ ಬ್ರಾಂಡಿಯ ಜಾಗಕ್ಕೆ ಮೆಲ್ಲಗೆ ರಮ್ ಬಂತು. ಪೀಪಾಯಿಯಲ್ಲಿ ತುಂಬಿಸಿಟ್ಟ ನೀರು ಕೆಲವೇ ವಾರಗಳಲ್ಲಿ ಪಾಚಿ ಕಟ್ಟುತ್ತದೆ, ಬಿಯರ್ ಹುಳಿಯಾಗುತ್ತದೆ. ರಮ್ ಮಾತ್ರ ಎಷ್ಟು ತಿಂಗಳಿಟ್ಟರೂ ಕೆಡುವುದಿಲ್ಲ.

ಕೆಡದ ರಮ್ ಕುಡಿದು ಕೆಟ್ಟವರು ನಾವಿಕರು. 1740ರಲ್ಲಿ ಅಡ್ಮಿರಲ್ ವೆರ್ನನ್ ಎಂಬಾತ, ರಮ್ಮನ್ನು ಹಾಗೇ ಕೊಡಬಾರದು, ನೀರು ಬೆರೆಸಿಯೇ ಕೊಡಬೇಕೆಂದು ಆಜ್ಞೆ ಮಾಡಿದ. ಅವನು 'ಗ್ರೋಗ್ರಂ' ಎಂಬ ಒರಟು ಬಟ್ಟೆಯ ಕೋಟು ಹಾಕುತ್ತಿದ್ದುದರಿಂದ ನಾವಿಕರು ಅವನಿಗೆ 'ಓಲ್ಡ್ ಗ್ರಾಗ್' ಎಂದು ಅಡ್ಡಹೆಸರಿಟ್ಟಿದ್ದರು. ನೀರು ಬೆರೆಸಿದ ರಮ್ಮಿಗೂ 'ಗ್ರಾಗ್' ಎಂದೇ ಹೆಸರಾಯಿತು. ಬ್ರಿಟಿಷ್ ನೌಕಾಪಡೆಯ ಈ ದಿನನಿತ್ಯದ ರಮ್ ಪಡಿ ನಿಂತದ್ದು 1970ರ ಜುಲೈ 31ಕ್ಕೆ. ಮುನ್ನೂರು ವರ್ಷ ನಡೆದು ಬಂದದ್ದು ಒಂದು ದಿನದಲ್ಲಿ ನಿಂತಾಗ ಕೆಲವು ಹಡಗುಗಳಲ್ಲಿ ನಾವಿಕರು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡಿದ್ದರಂತೆ.

ಇಲ್ಲೊಂದು ವಿಷಯ ಗಮನಿಸಬೇಕು. ಪಡಿ ಶುರುವಾದಾಗಿನಿಂದಲೂ ಅದರ ಜೊತೆ ಅಳತೆಯೊಂದು ನಡೆದುಬಂದಿದೆ. ಎಷ್ಟು ಕೊಡಬೇಕು, ಎಷ್ಟು ನೀರು ಬೆರೆಸಬೇಕು, ಯಾರ ಕಣ್ಣೆದುರು ಕುಡಿಯಬೇಕು ಎಂಬುದಕ್ಕೆಲ್ಲ ಕಾಯಿದೆ ಇತ್ತು. ಈ ಅಳತೆಯ ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಬರುತ್ತದೆ.

ಹರಿಹರದ ದಂಡು, ಆರು ಗ್ಯಾಲನ್ನಿನ ಪೀಪಾಯಿ

ಈಗ ನಮ್ಮ ಸೀಮೆಗೆ ಬರೋಣ. 1779ರಲ್ಲಿ ಹೈದರಾಲಿ ಚಿತ್ರದುರ್ಗ ಗೆದ್ದ ಕಥೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಅದಾಗಿ ಇಪ್ಪತ್ತೇ ವರ್ಷಕ್ಕೆ, 1799ರಲ್ಲಿ ಟಿಪ್ಪು ಶ್ರೀರಂಗಪಟ್ಟಣದಲ್ಲಿ ಮಡಿದ. ಆಮೇಲೆ ದುರ್ಗದ ಕೋಟೆಯಲ್ಲಿ ಕೆಲಕಾಲ ಬ್ರಿಟಿಷ್ ಪಡೆ ಬೀಡುಬಿಟ್ಟಿತ್ತು. ಇಲ್ಲಿನ ಹವೆ ಮೈಗೆ ಒಗ್ಗದೆ ಆ ಪಡೆಯನ್ನು ಹಿಂದಕ್ಕೆ ಕರೆಸಿಕೊಂಡರು.

ಮೈಸೂರಿನಲ್ಲಿದ್ದ ಬ್ರಿಟಿಷ್ ಪಡೆಗಳ ಹೊಣೆ ಆಗ ಆರ್ಥರ್ ವೆಲ್ಲೆಸ್ಲಿಯದು. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಎಂದು ಹೆಸರಾಗಿ, ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಇವನೇ. 1800ರಲ್ಲಿ ಧೋಂಡಿಯಾ ವಾಘ್‌ನ ಬೆನ್ನುಹತ್ತಿ ಇವನ ದಂಡು ಚಿತ್ರದುರ್ಗ, ಹರಿಹರದ ಹಾದಿಯಲ್ಲಿ ತುಂಗಭದ್ರೆಯ ಆಚೆಗೆ ಹೋಯಿತು. 1803ರ ಮಾರ್ಚ್‌ನಲ್ಲಿ ಮತ್ತೆ ಇದೇ ಹರಿಹರದಿಂದ ಹೊರಟು ಮರಾಠರ ಸೀಮೆಗೆ, ಪುಣೆಯ ಕಡೆಗೆ ನಡೆಯಿತು. ಹೊಳಲ್ಕೆರೆಯಿಂದ ಹರಿಹರ ಬೆಳಿಗ್ಗೆ ಹೋಗಿ ಕೆಲಸ ಮುಗಿಸಿಕೊಂಡು ಸಂಜೆಯೊಳಗೆ ವಾಪಸ್ ಬರುವಷ್ಟು ದೂರ.

ವೆಲ್ಲೆಸ್ಲಿ ಲೆಕ್ಕದ ಮನುಷ್ಯ. ಯುದ್ಧ ಗೆಲ್ಲುವುದು ಕತ್ತಿಗಿಂತ ಮೊದಲು ಅಕ್ಕಿ ಮೂಟೆ, ಎತ್ತುಗಳು ಎಂದು ನಂಬಿದವನು. 1803ರ ದಂಡಯಾತ್ರೆಗಾಗಿ ಅವನು ಬೇಡಿಕೆಯಿಟ್ಟ ಸಾಮಾನಿನ ಪಟ್ಟಿಯಲ್ಲಿ ಉಪ್ಪುಹಾಕಿದ ಮಾಂಸ, ಬುಟ್ಟಿಗಳಲ್ಲಿ ತುಂಬಿಸಿದ ಬಿಸ್ಕತ್ತುಗಳ ಜೊತೆ 10,000 ಗ್ಯಾಲನ್ ಅರಕು ಕೂಡ ಇದೆ. ಅದೂ ಹೇಗೆ? ಆರಾರು ಗ್ಯಾಲನ್ ಹಿಡಿಯುವ ಸಣ್ಣ ಪೀಪಾಯಿಗಳಲ್ಲಿ. ಲೆಕ್ಕ ಹಾಕಿದರೆ 1,600ಕ್ಕೂ ಹೆಚ್ಚು ಪೀಪಾಯಿ. ಎತ್ತಿನ ಬೆನ್ನ ಮೇಲೆ ಆಚೆಗೊಂದು ಈಚೆಗೊಂದು ಹೇರಿದರೂ 800ಕ್ಕಿಂತ ಹೆಚ್ಚು ಎತ್ತು ಬರೀ ಅರಕಿಗೇ ಬೇಕು!

ಎತ್ತು ಎಂದ ಕೂಡಲೇ ನಮ್ಮ ಕಾವಲುಗಳು ನೆನಪಾಗಲೇಬೇಕು. ಮೈಸೂರು ಅರಸರ 'ಬೆಣ್ಣೆ ಚಾವಡಿ', ಟಿಪ್ಪುವಿನ ಕಾಲಕ್ಕೆ 'ಅಮೃತ ಮಹಲ್' ಆದ ದನಗಳು ಚಿತ್ರದುರ್ಗ, ಚಿಕ್ಕಮಗಳೂರು, ಹಾಸನ ಸೀಮೆಯ ಹುಲ್ಲುಗಾವಲುಗಳಲ್ಲಿ ಮೇದು ಬೆಳೆದವು. ತೋಪು ಎಳೆಯಲು, ದಂಡಿನ ವೇಗಕ್ಕೆ ಸರಿಸಮ ನಡೆಯಲು ಈ ಎತ್ತುಗಳಿಗೆ ಸಾಟಿಯಿಲ್ಲ ಎಂಬುದನ್ನು ಹೈದರ್, ಟಿಪ್ಪು ಬಳಸಿ ತೋರಿಸಿದ್ದರು. 1799ರ ನಂತರ ಈ ಹಿಂಡುಗಳು ಬ್ರಿಟಿಷರ ದಂಡಿಗೂ ದುಡಿದವು. ನಮ್ಮ ಕಡೆ ಇವತ್ತಿಗೂ 'ಅಮೃತ ಮಹಲ್ ಕಾವಲು' ಎಂದು ಕರೆಸಿಕೊಳ್ಳುವ ಜಮೀನುಗಳ ಹಿಂದೆ ಇಂಥ ಇತಿಹಾಸವೂ ಇದೆ.

ಆದರೆ ಈ ಅರಕು ಯಾರಿಗೆ? ದಂಡಿನಲ್ಲಿದ್ದ ಯುರೋಪಿಯನ್ ಸಿಪಾಯಿಗಳಿಗೆ. ಅದು ಅವರ ದಿನದ ಪಡಿ. ಅದೇ ದಂಡಿನಲ್ಲಿ ಅವರಿಗಿಂತ ಹೆಚ್ಚು ಸಂಖ್ಯೆಯಲ್ಲಿ ನಡೆಯುತ್ತಿದ್ದ ನಮ್ಮ ಸಿಪಾಯಿಗಳ ಪಡಿಯೇ ಬೇರೆ, ಸಂಬಳವೇ ಬೇರೆ. ಪೀಪಾಯಿ ಹೇರಿದ್ದು ನಮ್ಮ ಎತ್ತಿನ ಬೆನ್ನಿಗೆ. ಸುರಿದದ್ದು ಬೇರೆಯವರ ಮಗ್ಗಿಗೆ.

ಚಹಾ ಬಂದದ್ದು ರಮ್ಮಿಗೆ ಎದುರಾಳಿಯಾಗಿ

ಚಹಾ, ರಮ್ ಒಂದೇ ಮಗ್ಗಿನಲ್ಲಿ ಸೇರುವುದಕ್ಕಿಂತ ಮುಂಚೆ ಇವೆರಡೂ ವೈರಿಗಳಾಗಿದ್ದವು ಎಂದರೆ ನಂಬುತ್ತೀರಾ?

19ನೇ ಶತಮಾನದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸಿಪಾಯಿಯ ದೊಡ್ಡ ಶತ್ರುಗಳು ಕಾಲರಾ, ಜ್ವರ ಮತ್ತು ಕುಡಿತ. ಬಿಸಿಲು, ಬೇಸರ, ಕೆಲಸವಿಲ್ಲದ ಮಧ್ಯಾಹ್ನಗಳು, ಕೈಗೆ ಸುಲಭವಾಗಿ ಸಿಗುವ ಅರಕು. 1862ರಲ್ಲಿ ಆಗ್ರಾದಲ್ಲಿ ಗ್ರೆಗ್ಸನ್ ಎಂಬ ಪಾದ್ರಿ ಸಿಪಾಯಿಗಳಿಗಾಗಿ ಪಾನನಿಷೇಧದ ಸಂಘ ಕಟ್ಟಿದ. 1888ರಲ್ಲಿ ಭಾರತದ ದಂಡನಾಯಕನಾಗಿದ್ದ ಲಾರ್ಡ್ ರಾಬರ್ಟ್ಸ್ ಇಂಥ ಸಂಘಗಳನ್ನೆಲ್ಲ ಸೇರಿಸಿ 'ಆರ್ಮಿ ಟೆಂಪರೆನ್ಸ್ ಅಸೋಸಿಯೇಷನ್' ಮಾಡಿದ. ಸಾರಾಯಿ ಬಿಡಿ ಎಂದರೆ ಸಾಲದು, ಕೈಗೆ ಬೇರೆ ಲೋಟ ಕೊಡಬೇಕು. ಆ ಲೋಟದಲ್ಲಿ ಚಹಾ ಇತ್ತು.

ಬ್ರಿಟಿಷ್ ಸಿಪಾಯಿಗಳ ಬಾಯಲ್ಲಿ ಚಹಾ 'ಚಾರ್' ಆಯಿತು, ಬ್ಯಾರಕ್ಕಿಗೆ ಚಹಾ ತರುವವನು 'ಚಾರ್‌ವಾಲಾ' ಆದ. ಚಹಾ ಕುದಿಸುವ ದೊಡ್ಡ ಪಾತ್ರೆಗೆ ಅವರು 'ಡಿಕ್ಸಿ' ಎಂದರು. ಅದು ಬಿರಿಯಾನಿ ಮಾಡುವವರ ಮನೆಯ 'ದೇಗ್ಚಿ'ಯೇ. ಫ್ರಾನ್ಸಿನ ಕೆಸರಿನಲ್ಲಿ ಇಂಗ್ಲೆಂಡಿನ ಹುಡುಗ ರಮ್ ಸುರಿದ ಚಹಾ ಎತ್ತಿದಾಗ ಅದು ಬೆಂದಿದ್ದು ಹೆಸರಿನಲ್ಲಾದರೂ ನಮ್ಮ ಪಾತ್ರೆಯಲ್ಲೇ.

ಕಂದಕದ ಮುಂಜಾನೆ

1914ರಲ್ಲಿ ಯುರೋಪಿನಲ್ಲಿ ಯುದ್ಧ ಶುರುವಾಯಿತು. ಮೊದಲ ಚಳಿಗಾಲಕ್ಕೇ ಬ್ರಿಟಿಷ್ ಸಿಪಾಯಿಗಳಿಗೆ ರಮ್ ಹಂಚತೊಡಗಿದರು. ಒಬ್ಬನಿಗೆ ಅರ್ಧ 'ಗಿಲ್', ಅಂದರೆ ಸುಮಾರು 70 ಮಿಲಿ ಲೀಟರ್. ನಮ್ಮೂರ ಬಾರಿನ ಲೆಕ್ಕದಲ್ಲಿ ಒಂದು ಲಾರ್ಜ್‌ಗಿಂತ ತುಸು ಹೆಚ್ಚು. ಕೊಡುವುದು ಬಿಡುವುದು ಮೇಲಿನ ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು. ರಮ್ ಬರುತ್ತಿದ್ದುದು ಒಂದು ಗ್ಯಾಲನ್ನಿನ ಮಣ್ಣಿನ ಜಾಡಿಗಳಲ್ಲಿ. ಒಂದು ಜಾಡಿಗೆ 64 ಜನ. ಜಾಡಿಯ ಮೇಲೆ 'ಎಸ್.ಆರ್.ಡಿ.' ಎಂದು ಮೂರು ಅಕ್ಷರ. ಅದು ಸರಬರಾಜು ಡಿಪೋದ ಗುರುತು. ಆದರೆ 'ಸೇರಬೇಕಾದ ಕಡೆ ಸೇರುವುದು ಅಪರೂಪ' ಎಂಬ ಅರ್ಥ ಬರುವಂತೆ ಸಿಪಾಯಿಗಳು ಅದನ್ನು ಬಿಡಿಸಿ ಓದುತ್ತಿದ್ದರು. ದಾರಿಯಲ್ಲೇ ಜಾಡಿ ಖಾಲಿಯಾಗುವುದು, ರೇಷನ್ ಅಂಗಡಿಯ ಸೀಮೆಎಣ್ಣೆ ಹನಿ ಹನಿಯಾಗಿ ಮಾಯವಾಗುತ್ತಿದ್ದುದನ್ನು ಕಂಡ ನಮಗೆ ಹೊಸದಲ್ಲ.

ರಮ್ ಹಂಚುವ ಹೊತ್ತು ಹೆಚ್ಚಾಗಿ ನಸುಕು. ಶತ್ರು ಮೇಲೆ ಬೀಳುವುದೂ ನಸುಕಿನಲ್ಲೇ, ನಾವು ಶತ್ರುವಿನ ಮೇಲೆ ಬೀಳುವುದೂ ನಸುಕಿನಲ್ಲೇ. ಎಷ್ಟೋ ಹುಡುಗರಿಗೆ ರಮ್ ಬೆರೆಸಿದ ಆ ಚಹಾವೇ ಕೊನೆಯ ಚಹಾ ಆಯಿತು. ಧೈರ್ಯ ತುಂಬಲು ಕೊಟ್ಟರೋ, ಯೋಚನೆ ಮಾಡದಿರಲೆಂದು ಕೊಟ್ಟರೋ ಎಂಬ ಪ್ರಶ್ನೆ ಆಗಲೇ ಎದ್ದಿತ್ತು.

ಎರಡು ಕಡೆಯ ಸಾಕ್ಷಿಯೂ ಇದೆ. 33ನೇ ಡಿವಿಷನ್ನಿನ ಮುಖ್ಯಸ್ಥ ಮೇಜರ್ ಜನರಲ್ ಪಿನ್ನಿ ಕುಡಿಯದ ಮನುಷ್ಯ. ಅವನು ತನ್ನ ಡಿವಿಷನ್ನಿಗೆ ರಮ್ ನಿಲ್ಲಿಸಿ ಚಹಾ ಕೊಡಿಸಿದ. ಸಿಪಾಯಿಗಳು ಅವನನ್ನು ಬೈದುಕೊಂಡ ಬೈಗುಳಗಳು ಪುಸ್ತಕಗಳಿಗೂ ಸೇರಿವೆ. ಇನ್ನೊಂದು ಕಡೆ, ಯುದ್ಧ ಮುಗಿದ ಮೇಲೆ 'ಶೆಲ್ ಷಾಕ್' ಕುರಿತು ವಿಚಾರಣೆ ನಡೆಸಿ 1922ರಲ್ಲಿ ವರದಿ ಕೊಟ್ಟ ಸಮಿತಿಯ ಮುಂದೆ 'ಬ್ಲ್ಯಾಕ್ ವಾಚ್' ಪಡೆಯ ವೈದ್ಯಾಧಿಕಾರಿಯೊಬ್ಬ, ರಮ್ ಇಲ್ಲದಿದ್ದರೆ ನಾವು ಯುದ್ಧ ಗೆಲ್ಲುತ್ತಿರಲಿಲ್ಲವೇನೋ ಎಂಬರ್ಥದ ಮಾತು ಹೇಳಿದ. ಅದನ್ನು ಹೇಳಿದ್ದು ವೈದ್ಯ ಎಂಬುದೇ ಆ ಯುದ್ಧ ಎಂಥದ್ದಾಗಿತ್ತು ಎಂಬುದಕ್ಕೆ ಸಾಕ್ಷಿ.

ಮೈಸೂರಿನ ಕುದುರೆಗಳು, ಆಸ್ಟ್ರೇಲಿಯಾದ ಮಗ್ಗು

1914ರಲ್ಲೇ ಬೆಂಗಳೂರಿನಿಂದ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ ಈಜಿಪ್ಟಿಗೆ ಹೊರಟಿತು. 1915ರ ಆರಂಭದಲ್ಲಿ ಸೂಯೆಜ್ ಕಾಲುವೆಯ ಕಾವಲು ಅದರ ಪಾಲಿಗೆ ಬಂತು. ಅದೇ ಹೊತ್ತಿಗೆ ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಹುಡುಗರು, ಅಂದರೆ 'ಆನ್‌ಜಾಕ್' ಪಡೆ, ಅದೇ ಈಜಿಪ್ಟಿನಲ್ಲಿ ತರಬೇತಿ ಪಡೆಯುತ್ತಿತ್ತು. ಅವರು 1915ರ ಏಪ್ರಿಲ್ 25ರ ನಸುಕಿನಲ್ಲಿ ಟರ್ಕಿಯ ಗಲಿಪೊಲಿ ದಡದಲ್ಲಿ ಇಳಿದರು, ಸಾವಿರಗಟ್ಟಲೆ ಸತ್ತರು.

ಮುಂದೆ 1918ರಲ್ಲಿ ಪ್ಯಾಲೆಸ್ಟೈನಿನ ಯುದ್ಧದಲ್ಲಿ ಇವರಿಬ್ಬರೂ ಒಂದೇ ನೊಗಕ್ಕೆ ಬಂದರು. ಮೈಸೂರು ಲ್ಯಾನ್ಸರ್ಸ್ ಇದ್ದ 15ನೇ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡ್, ಆಸ್ಟ್ರೇಲಿಯಾದ ಜನರಲ್ ಹ್ಯಾರಿ ಶಾವೆಲ್ ನಡೆಸುತ್ತಿದ್ದ 'ಡೆಸರ್ಟ್ ಮೌಂಟೆಡ್ ಕೋರ್'ನ ಭಾಗ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ಮೇಲೆ ದಾಳಿ ನಡೆಯಿತು. ಕಾರ್ಮೆಲ್ ಬೆಟ್ಟದ ಮೇಲಿದ್ದ ತೋಪುಗಳ ಬಾಯಿ ಮುಚ್ಚಿಸಲು ಮೈಸೂರಿನ ಕುದುರೆಗಳು ಕಡಿದಾದ ದಾರಿ ಹತ್ತಿದವು. ಕೆಳಗೆ ಜೋಧಪುರ ಲ್ಯಾನ್ಸರ್ಸ್ ಊರಿನೊಳಕ್ಕೆ ನುಗ್ಗಿದರು. ಭರ್ಜಿ ಹಿಡಿದ ಕುದುರೆ ಸವಾರರು ಮಷಿನ್ ಗನ್ನುಗಳ ಎದುರು ಗೆದ್ದು, ಒಂದೇ ದಿನದಲ್ಲಿ 1,300ಕ್ಕೂ ಹೆಚ್ಚು ಸೆರೆಯಾಳುಗಳನ್ನು ಹಿಡಿದರು.

ಈಗ ಎರಡು ನೆನಪುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿ ಪ್ರತಿ ಏಪ್ರಿಲ್ 25ರ ನಸುಕಿನಲ್ಲಿ ಊರೂರಿನ ಸ್ಮಾರಕದ ಮುಂದೆ ಜನ ಕತ್ತಲಲ್ಲೇ ಸೇರುತ್ತಾರೆ. ಮೌನ ನಿಲ್ಲುತ್ತಾರೆ. ಆಮೇಲೆ 'ಗನ್‌ಫೈರ್ ಬ್ರೇಕ್‌ಫಾಸ್ಟ್'. ಚಹಾಕ್ಕೋ ಕಾಫಿಗೋ ರಮ್ ಬೆರೆಸಿ, ಮುದುಕರು, ಮೊಮ್ಮಕ್ಕಳು, ಈಗಿನ ಸಿಪಾಯಿಗಳು ಒಟ್ಟಿಗೆ ನಿಂತು ಕುಡಿಯುತ್ತಾರೆ (ಮಕ್ಕಳಿಗೆ ರಮ್ ಇಲ್ಲ, ಬಿಡಿ). ಅಂದು ಕುಡಿದು ಹೋಗಿ ತಿರುಗಿ ಬಾರದವರ ಪಾಲಿನ ಮಗ್ಗು ಅದು. ನಮ್ಮಲ್ಲಿ? ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಕಂಬವಿದೆ. ದೆಹಲಿಯ ತೀನ್ ಮೂರ್ತಿಯ ಮೂರು ಸಿಪಾಯಿಗಳ ಪೈಕಿ ಒಬ್ಬ ಮೈಸೂರಿನವನು. ಪ್ರತಿ ಸೆಪ್ಟೆಂಬರ್ 23ಕ್ಕೆ ಸೇನೆಯವರು ಹೂಗುಚ್ಛ ಇಡುತ್ತಾರೆ. ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಕಪ್ಪು ಟ್ರಂಕು ಇಳಿಸಿಕೊಂಡು ರಜೆಗೆ ಬರುವ ನಮ್ಮ ಹುಡುಗರಲ್ಲಿ ಎಷ್ಟು ಜನರಿಗೆ ಹೈಫಾದ ಹೆಸರು ಗೊತ್ತು? ಪತ್ರಿಕೋದ್ಯಮ ಓದಿದ ನಮಗೇ ಈ ಹುಡುಕಾಟಕ್ಕಿಂತ ಮುಂಚೆ ಸರಿಯಾಗಿ ಗೊತ್ತಿರಲಿಲ್ಲ.

ಸ್ವತಂತ್ರ ಭಾರತದ ಬಾಟಲಿ

ಬ್ರಿಟಿಷರು ಹೋದರು, ರಮ್ ಉಳಿಯಿತು. ಒಂದು ಕಡೆ ಗಾಂಧೀಜಿಯ ದೇಶ, ಸಂವಿಧಾನದ 47ನೇ ವಿಧಿಯಲ್ಲಿ ಪಾನನಿಷೇಧದ ಆಶಯ. ಇನ್ನೊಂದು ಕಡೆ ಸೇನೆಯ ಹಳೆಯ ಪದ್ಧತಿ. ಇವೆರಡೂ ನ್ಯಾಯಾಲಯದಲ್ಲೇ ಎದುರುಬದುರಾದವು. 1949ರ ಬಾಂಬೆ ಪಾನನಿಷೇಧ ಕಾಯಿದೆಯಲ್ಲಿ ಸೇನೆಯ ಮೆಸ್ಸು, ಕ್ಯಾಂಟೀನುಗಳಿಗೆ ವಿನಾಯಿತಿ ಇತ್ತು. ಎಲ್ಲರಿಗೂ ಒಂದೇ ಕಾಯಿದೆ ಇರಬೇಕಲ್ಲವೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. 1951ರ ಬಾಲ್ಸರಾ ಪ್ರಕರಣದ ತೀರ್ಪಿನಲ್ಲಿ ನ್ಯಾಯಾಲಯ ಆ ವಿನಾಯಿತಿಯನ್ನು ಎತ್ತಿಹಿಡಿಯಿತು. ಸೇನೆಯದು ಬೇರೆಯದೇ ವರ್ಗ, ಅದರ ಬದುಕು, ಸಂಪ್ರದಾಯ ಬೇರೆ ಎಂಬುದು ಅದರ ಸಾರ.

ಎತ್ತರದ ಚಳಿ ಪ್ರದೇಶಗಳಲ್ಲಿ ರಮ್ ಪಡಿಯ ಭಾಗವಾಯಿತು. ಊರಿನ ಮಿಲಿಟರಿ ಕ್ಯಾಂಟೀನುಗಳಲ್ಲಿ ಕಡಿಮೆ ಬೆಲೆಯ ಬಾಟಲಿ ಹಕ್ಕಾಯಿತು. 1954ರಲ್ಲಿ ಬಂದ 'ಓಲ್ಡ್ ಮಾಂಕ್' ದೇಶಕ್ಕೆಲ್ಲ ಗೊತ್ತು. ನಮ್ಮ ಬೆಂಗಳೂರಿನ ಖೋಡೆಯವರ 'ಹರ್ಕ್ಯುಲಿಸ್' ರಮ್ ಸಿಪಾಯಿಗಳ ನಡುವೆ ಹೆಸರು ಮಾಡಿತು. ಬೆಂಗಳೂರೇ ಮದ್ರಾಸ್ ಸ್ಯಾಪರ್ಸ್‌ನ ಮನೆ. ಸೇನೆಗೆ ಅಕ್ಕಿ, ಬೇಳೆ, ಚಹಾಪುಡಿಯಿಂದ ಹಿಡಿದು ರಮ್‌ವರೆಗೆ ಪಡಿ ಮುಟ್ಟಿಸುವ ಆರ್ಮಿ ಸರ್ವಿಸ್ ಕೋರ್‌ನ ತರಬೇತಿ ಕೇಂದ್ರವೂ ಬೆಂಗಳೂರಲ್ಲೇ.

ಆದರೆ ರಮ್ ಮೈ ಬೆಚ್ಚಗಾಗಿಸುತ್ತದೆಯೇ? ವೈದ್ಯರು ಹೇಳುವುದು ಬೇರೆ. ಮದ್ಯ ಒಳಗೆ ಹೋದ ಮೇಲೆ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಒಳಗಿನ ಬಿಸಿ ರಕ್ತ ಚರ್ಮಕ್ಕೆ ಬರುತ್ತದೆ. ಕಿವಿ, ಕೆನ್ನೆ ಬೆಚ್ಚಗಾದಂತೆ ಅನ್ನಿಸುತ್ತದೆ. ಆದರೆ ಆ ಬಿಸಿ ಅಲ್ಲಿಂದ ಹೊರಗಿನ ಚಳಿಗೆ ಸೋರಿಹೋಗುತ್ತದೆ, ಒಳಮೈ ತಣ್ಣಗಾಗುತ್ತದೆ. ನಿಜವಾಗಿ ಬೆಚ್ಚಗಾಗಿಸುವುದು ಬಿಸಿ ಚಹಾ, ಅದರೊಳಗಿನ ಸಕ್ಕರೆ, ಮತ್ತು ಪಕ್ಕದಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತ ಜೊತೆಗಾರ. ರಮ್ ಕೊಡುವುದು ಬೆಚ್ಚಗಿದ್ದೇನೆ ಎಂಬ ನಂಬಿಕೆಯನ್ನು.

ಜಗುಲಿಯ ಮೇಲೆ

ಇಷ್ಟೆಲ್ಲ ಓದಿಕೊಂಡು ನಾವು ಮತ್ತೆ ಆ ಅಜ್ಜನನ್ನು ಹುಡುಕಿಕೊಂಡು ಹೊಳಲ್ಕೆರೆ ತಾಲ್ಲೂಕಿನ ಅವರ ಊರಿಗೆ ಹೋದೆವು. ಹೊಳಲ್ಕೆರೆಯ ಬಯಲು ಗಣಪನಿಗೆ ಕೈಮುಗಿದು, ಅಡಿಕೆ ತೋಟಗಳ ನಡುವಿನ ದಾರಿಯಲ್ಲಿ ಬೈಕಿನಲ್ಲಿ ಹೋಗುವಾಗ ನಮ್ಮಲ್ಲಿ ಬೇಕಾದಷ್ಟು ಪ್ರಶ್ನೆಗಳಿದ್ದವು. ಅಜ್ಜ ಜಗುಲಿಯ ಮೇಲೆ ಚಾಪೆ ಹಾಸಿದರು. ಹದಿನೇಳು ವರ್ಷದ ಸೇವೆಯ ಕಥೆ ಶುರುವಾಯಿತು. ಗನ್‌ಫೈರ್, ಹೈಫಾ, ಪಿನ್ನಿಯ ಕಥೆ ನಾವು ಹೇಳಿದಾಗ ಮಕ್ಕಳಂತೆ ಕೇಳಿಸಿಕೊಂಡರು.

"ನಮ್ಮ ಸಾಹೇಬ್ರೂ ಹಂಗೇ ಕಣ್ರಪ್ಪ. ಬಡಾಖಾನಾ ದಿನ ಅವರೇ ಬಡಿಸೋರು. ನಾನು ಮೊದಲನೇ ಸಲ ನೋಡಿದಾಗ ತಟ್ಟೆ ಹಿಡಿದ ಕೈ ನಡುಗ್ತು. ನಮ್ಮೂರಾಗೆ ಅಂಥಾ ದೊಡ್ಡೋರು ನಮ್ಮ ತಟ್ಟೆಗೆ ಅನ್ನ ಹಾಕಿದ್ದು ನಾನು ನೋಡಿರಲಿಲ್ಲ."

ಅವರು ಇದನ್ನು ಹೇಳಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಯಾವ ಕೇರಿಯ ಹುಡುಗ ಯಾರ ಮನೆಯ ಹೊರಗೆ ಯಾವ ಲೋಟದಲ್ಲಿ ಚಹಾ ಕುಡಿಯಬೇಕೆಂಬ ಕಾಯಿದೆ ಇದ್ದ ಕಾಲದಿಂದ ಹೋದವರು ಅವರು. ಅವರಿಗೆ ಆ ಮಗ್ಗಿನಲ್ಲಿದ್ದ ರಮ್‌ಗಿಂತ ಅದನ್ನು ತುಂಬಿಸಿದ ಕೈ ದೊಡ್ಡದಾಗಿತ್ತು.

ಅಷ್ಟರಲ್ಲಿ ಒಳಗಿನಿಂದ ಅಜ್ಜಿ ಚಹಾ ತಂದರು. ಶುಂಠಿ ಜಜ್ಜಿ ಹಾಕಿದ್ದ ಬೆಲ್ಲದ ಚಹಾ. ನಮ್ಮಲ್ಲೊಬ್ಬ ತಮಾಷೆಗೆ, "ಅಜ್ಜಿ, ಇದಕ್ಕೆ ರಮ್ ಹಾಕಿಲ್ವಾ?" ಎಂದ. ಅಜ್ಜ ನಕ್ಕರು. ಅಜ್ಜಿ ನಗಲಿಲ್ಲ.

"ಅಲ್ಲಿ ಸಾಹೇಬ ಅಳತೆ ಮಾಡಿ ಹಾಕ್ತಿದ್ನಂತೆ ಕಣಪ್ಪ. ಇಲ್ಲಿ ಅಳತೆ ಇಟ್ಕಂಡು ಕೂರೋರು ಯಾರು? ಪೆನ್ಷನ್ ಬಂದ ಮೊದಲನೇ ಐದು ವರ್ಷ ಆ ಅಳತೆ ಹಿಡಿಯೋ ಕೆಲಸ ನಂದಾಗಿತ್ತು. ಸಾಕಾಗೋಯ್ತು ನನಗೆ."

ಅಜ್ಜ ತಲೆ ತಗ್ಗಿಸಿದರು. ಆಮೇಲೆ ಅವರೇ ಬಾಯಿ ಬಿಟ್ಟರು. ಊರಿಗೆ ಬಂದ ಮೇಲೆ ಚಳಿಯೂ ಇರಲಿಲ್ಲ, ಕವಾಯತೂ ಇರಲಿಲ್ಲ, ಬಾಟಲಿ ಮಾತ್ರ ಇತ್ತು. ಕ್ಯಾಂಟೀನಿನ ಬಾಟಲಿಗಾಗಿ ಊರಿನವರು ಮನೆ ಬಾಗಿಲಿಗೆ ಬರುತ್ತಿದ್ದರು. ಕೆಲಸ ಮಾಡಿಕೊಡುವವರಿಗೆ ಒಂದು ಬಾಟಲಿ, ಮದುವೆಗೆ ಎರಡು ಬಾಟಲಿ. ಜನರ ಬಾಯಲ್ಲಿ 'ಮಿಲಿಟರಿಯವ್ರು' ಎಂಬ ಮರ್ಯಾದೆ ಮೆಲ್ಲಗೆ 'ಮಿಲಿಟರಿ ರಮ್' ಆಯಿತು. ಹೆಂಡತಿ ಒಂದು ದಿನ ಟ್ರಂಕಿನಿಂದ ಮೆಡಲುಗಳನ್ನು ತೆಗೆದು ಬಾಟಲಿ ಪಕ್ಕದಲ್ಲಿಟ್ಟು, ಎರಡರಲ್ಲಿ ಒಂದನ್ನು ಈ ಮನೆಯಲ್ಲಿ ಇಟ್ಟುಕೋ ಎಂದರಂತೆ.

"ಅವತ್ತು ಬಿಟ್ಟೆ," ಎಂದರು ಅಜ್ಜ. "ವಾಸನೆ ಮಾತ್ರ ಬಿಡಕಾಗಿಲ್ಲ. ಹೋಟ್ಲಲ್ಲಿ ಚಾ ಹಿಡಿದಾಗೆಲ್ಲ ಆ ಮಗ್ಗು ನೆನಪಾಗ್ತದೆ."

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಆದರೆ ಸಾರಾಯಿ ಪಾಕೀಟಿನ ಜಾಗಕ್ಕೆ 90 ಎಂ.ಎಲ್. ಪ್ಯಾಕೆಟ್ ಬಂತು. ಹಳ್ಳಿಯ ಗೂಡಂಗಡಿಗಳಲ್ಲಿ ಮದ್ಯ ಮಾರುವುದನ್ನು ನಿಲ್ಲಿಸಿ ಎಂದು ಹೆಂಗಸರು ಪೊರಕೆ ಹಿಡಿದು ಕೂರುವುದನ್ನು ನಾವು ವರದಿ ಮಾಡುತ್ತಲೇ ಇದ್ದೇವೆ. ಆ ಹೆಂಗಸರ ಮಾತನ್ನೂ ಈ ಅಜ್ಜಿಯ ಮಾತನ್ನೂ ಜೋಡಿಸಿದರೆ ಸಿಗುವುದು ಒಂದೇ ಪ್ರಶ್ನೆ. ಅಡ್ಮಿರಲ್ ವೆರ್ನನ್ನನ ನೀರು, ಕಂದಕದ ಅರ್ಧ ಗಿಲ್, ಒಂದು ಜಾಡಿಗೆ 64 ಜನ, ವೆಲ್ಲೆಸ್ಲಿಯ ಆರು ಗ್ಯಾಲನ್ ಪೀಪಾಯಿ: ಸೇನೆ ಇನ್ನೂರೈವತ್ತು ವರ್ಷ ರಮ್ಮಿನ ಜೊತೆ ಬಾಳಿದ್ದು ಅಳತೆಗೋಲು ಹಿಡಿದುಕೊಂಡು. ಸಿಪಾಯಿಯನ್ನು ಮನೆಗೆ ಕಳಿಸುವಾಗ ಬಾಟಲಿಯ ಹಕ್ಕನ್ನು ಜೊತೆಗೆ ಕೊಟ್ಟು, ಅಳತೆಯ ಹೊಣೆಯನ್ನು ಮಾತ್ರ ಹೇಳದೆ ಕೇಳದೆ ಹೆಂಡತಿಯ ಕೈಗಿಟ್ಟಿತು. ಅದಕ್ಕೆ ಸಂಬಳವೂ ಇಲ್ಲ, ಮೆಡಲ್ಲೂ ಇಲ್ಲ.

ಹಾಗೆಂದು ಅಜ್ಜನ ನೆನಪಿನ ಮಗ್ಗನ್ನು ಕಿತ್ತುಕೊಳ್ಳುವ ಮನಸ್ಸು ನಮಗಿಲ್ಲ. ಆ ಮಗ್ಗಿನಲ್ಲಿ ಗೆಳೆತನ ಇತ್ತು, ಮೇಲಿನವನು ಕೆಳಗಿನವನಿಗೆ ಬಡಿಸಿದ ಒಂದು ಗಳಿಗೆ ಇತ್ತು. ಅದನ್ನು ಉಳಿಸಿಕೊಳ್ಳಲು ರಮ್ಮೇ ಬೇಕೆಂದೇನಿಲ್ಲ. ಇದೇ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ರಾಘವೇಂದ್ರ ಸ್ವಾಮೀಜಿ ಸಾವಿರಾರು ಹುಡುಗರಿಗೆ ನಸುಕಿಗೇ ಎಬ್ಬಿಸಿ ಯೋಗ, ವ್ಯಾಯಾಮ ಕಲಿಸಿದರಲ್ಲ, ಅಲ್ಲೂ ಮುಂಜಾನೆ ಇತ್ತು, ಶಿಸ್ತಿತ್ತು, ಜೊತೆಗಾರರಿದ್ದರು.

ಹೊರಡುವಾಗ ಅಜ್ಜನನ್ನು ಕೇಳಿದೆವು: ಸೆಪ್ಟೆಂಬರ್ 23ಕ್ಕೆ ನಮ್ಮ ಜೊತೆ ಬೆಂಗಳೂರಿಗೆ ಬರುತ್ತೀರಾ, ಮೈಸೂರು ಲ್ಯಾನ್ಸರ್ಸ್ ಕಂಬ ನೋಡಿ ಬರೋಣ ಎಂದು. ಅಜ್ಜ ಅಜ್ಜಿಯ ಮುಖ ನೋಡಿದರು.

"ಹೋಗೋಣಂತೆ," ಎಂದರು ಅಜ್ಜಿ, "ನಾನೂ ಬರ್ತೀನಿ. ಫ್ಲಾಸ್ಕ್‌ನಾಗೆ ಚಾ ತಗಂಡು ಬರ್ತೀನಿ. ಅಳತೆ ನಂದೇ ಇರ್ಲಿ."